ಮನೆಯ ಗಣಕದಲ್ಲಿ ಕನ್ನಡ ಪಠ್ಯ: ಸಂಕೇತ, ಸವೆತ, ಸಂರಕ್ಷಣೆ

ಪೀಠಿಕೆ

ಗಡಿನಾಡಿನ ಕನ್ನಡ ಮನೆಗಳಲ್ಲಿ ಗಣಕಯಂತ್ರ ನೆಲೆಯೂರಿ ಎರಡು ದಶಕಗಳಿಗೂ ಮಿಕ್ಕಿದೆ. ಈ ಅವಧಿಯಲ್ಲಿ ಅಧ್ಯಾಪಕರ ಉಪನ್ಯಾಸ ಟಿಪ್ಪಣಿಗಳು, ಯಕ್ಷಗಾನ ಪ್ರಸಂಗಗಳು, ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಗಳು, ಮನೆತನದ ವಂಶಾವಳಿಗಳು, ಹಿರಿಯರ ಬಾಯಿಂದ ಬರೆದುಕೊಂಡ ಹಾಡು-ಒಗಟುಗಳು, ಶಾಲೆಗಳ ವಾರ್ಷಿಕ ವರದಿಗಳು ಗಣಕದ ಕಡತಗಳಾಗಿಯೇ ಹುಟ್ಟಿಕೊಂಡಿವೆ. ಅವುಗಳಲ್ಲಿ ಅಚ್ಚಾದವು ಕೆಲವು. ಕಡತಗಳಾಗಿಯೇ ಉಳಿದವು ಹಲವು.

ಕಾಸರಗೋಡು ಇರಲಿ, ಹೊಸೂರು, ಜತ್ತ, ಆದವಾನಿ ಇರಲಿ, ಗಡಿಯಾಚೆಯ ಕನ್ನಡಕ್ಕೆ ಒಂದು ಸಮಾನ ಸ್ಥಿತಿಯಿದೆ. ಆಯಾ ರಾಜ್ಯದ ಆಡಳಿತವು ಮುಖ್ಯವಾಗಿ ಮಲಯಾಳ, ತಮಿಳು, ಮರಾಠಿ, ತೆಲುಗುಗಳಲ್ಲಿ ನಡೆಯುತ್ತದೆ. ಆದ್ದರಿಂದ ಕನ್ನಡದ ದಿನನಿತ್ಯದ ಬರವಣಿಗೆಗೆ ಸರಕಾರಿ ಕಡತಕೋಣೆಯ ಆಶ್ರಯ ಕಡಿಮೆ. ಅದು ಉಳಿಯುವುದಿದ್ದರೆ ಬಹುಪಾಲು ಖಾಸಗಿ ಮನೆಗಳಲ್ಲಿ, ಶಾಲೆಗಳಲ್ಲಿ, ಸಂಘಗಳ ಕಪಾಟುಗಳಲ್ಲಿ ಉಳಿಯಬೇಕು. ಹಿಂದೆ ಈ ಕಪಾಟುಗಳಲ್ಲಿ ಓಲೆಗರಿಯೂ ಕೈಬರಹದ ಪುಸ್ತಕವೂ ಇದ್ದವು. ಈಗ ಅಲ್ಲಿ ಹಳೆಯ ಹಾರ್ಡ್ ಡಿಸ್ಕ್, ಸಿ.ಡಿ., ಪೆನ್‌ಡ್ರೈವ್‌ಗಳಿವೆ. ಮನೆಯ ಗಣಕದ ನಿರ್ವಹಣೆಯು ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ವ್ಯಾಸಂಗದ ವಿಷಯವಾಗುವುದು ಈ ಕಾರಣದಿಂದ.

ಗಣಕ ಕೆಟ್ಟಾಗ ದುರಸ್ತಿಗಾರನು ಯಂತ್ರವನ್ನು ಸರಿಪಡಿಸಬಲ್ಲನು. ಅದರೊಳಗಿನ ಪಠ್ಯವನ್ನು ಗುರುತಿಸಿ ಉಳಿಸಿಕೊಳ್ಳಬೇಕಾದವರು ಕನ್ನಡ ಬಲ್ಲವರೇ. ಯಂತ್ರ ಸವೆಯುವುದು ಖಚಿತ. ಪಠ್ಯವು ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟುತ್ತಿದ್ದರೆ ಮಾತ್ರ ಉಳಿಯುತ್ತದೆ. ಈ ದಾಟುವಿಕೆಗೆ ಬೇಕಾದ ತಿಳಿವಳಿಕೆಯನ್ನು ಮುಂದಿನ ಭಾಗಗಳಲ್ಲಿ ನಿರೂಪಿಸಲಾಗಿದೆ.

1. ಗಣಕದ ಎರಡು ಬಗೆಯ ನೆನಪು

ಗಣಕದಲ್ಲಿ ಎರಡು ಬಗೆಯ ನೆನಪುಗಳಿವೆ. ಒಂದು, ಕೆಲಸ ನಡೆಯುತ್ತಿರುವಾಗ ಮಾತ್ರ ಇರುವ ತಾತ್ಕಾಲಿಕ ನೆನಪು. ಇದನ್ನು ರ‍್ಯಾಮ್ ಎನ್ನುತ್ತಾರೆ. ಇನ್ನೊಂದು, ವಿದ್ಯುತ್ ಹೋದರೂ ಉಳಿಯುವ ಶಾಶ್ವತ ಸಂಗ್ರಹ. ಇದು ಹಾರ್ಡ್ ಡಿಸ್ಕ್ ಅಥವಾ ಎಸ್.ಎಸ್.ಡಿ. ಬೆರಳಚ್ಚು ಮಾಡುತ್ತಿರುವ ಪುಟವು ಉಳಿಸುವ ಆಜ್ಞೆ ಕೊಡುವ ತನಕ ರ‍್ಯಾಮ್‌ನಲ್ಲಿಯೇ ಇರುತ್ತದೆ. ವಿದ್ಯುತ್ ಹೋದೊಡನೆ ಅದು ಅಳಿಯುತ್ತದೆ. ಬರವಣಿಗೆಯ ತಂತ್ರಾಂಶಗಳು ಸಾಮಾನ್ಯವಾಗಿ 10 ನಿಮಿಷಗಳಿಗೊಮ್ಮೆ ತಾವಾಗಿಯೇ ಒಂದು ತಾತ್ಕಾಲಿಕ ಪ್ರತಿಯನ್ನು ಇಟ್ಟುಕೊಳ್ಳುತ್ತವೆ. ಈ ಅವಧಿಯನ್ನು 2 ಅಥವಾ 3 ನಿಮಿಷಕ್ಕೆ ಇಳಿಸಿಕೊಳ್ಳಬಹುದು. ಆದರೂ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಆಗಾಗ ಒತ್ತುವ ಅಭ್ಯಾಸಕ್ಕೆ ಸಾಟಿಯಾದ ಉಪಾಯ ಬೇರೊಂದಿಲ್ಲ.

ಹಾರ್ಡ್ ಡಿಸ್ಕ್‌ನಲ್ಲಿ ಕಾಂತೀಯ ಲೇಪವುಳ್ಳ ಬಿಲ್ಲೆಗಳು ನಿಮಿಷಕ್ಕೆ 5,400 ಅಥವಾ 7,200 ಸಲ ತಿರುಗುತ್ತಿರುತ್ತವೆ. ಓದುವ ಮುಳ್ಳು ಬಿಲ್ಲೆಗೆ ತಾಗದಂತೆ, ಅತ್ಯಲ್ಪ ಅಂತರದಲ್ಲಿ ಸಂಚರಿಸುತ್ತದೆ. ಚಾಲನೆಯಲ್ಲಿರುವಾಗ ಪೆಟ್ಟು ಬಿದ್ದರೆ ಮುಳ್ಳು ಬಿಲ್ಲೆಯನ್ನು ಕೆರೆಯುತ್ತದೆ. ಡಿಸ್ಕ್‌ನಿಂದ ಲಯಬದ್ಧವಾದ ಟಿಕ್ ಟಿಕ್ ಸದ್ದು ಕೇಳಿಸತೊಡಗಿದರೆ ಅದು ಅಂತ್ಯದ ಮುನ್ಸೂಚನೆ. ಆಗ ಬೇರೆಲ್ಲ ಕೆಲಸ ಬಿಟ್ಟು ಕಡತಗಳನ್ನು ಹೊರಗೆ ತೆಗೆದಿಡಬೇಕು. ಎಸ್.ಎಸ್.ಡಿ.ಯಲ್ಲಿ ಚಲಿಸುವ ಭಾಗಗಳಿಲ್ಲ, ವೇಗವೂ ಹೆಚ್ಚು. ಆದರೆ ಅದು ಸದ್ದಿಲ್ಲದೆ ಕೆಡಬಲ್ಲದು. ವಿದ್ಯುತ್ ಸಂಪರ್ಕವಿಲ್ಲದೆ ಬಹುಕಾಲ ಇಟ್ಟರೆ ಅದರೊಳಗಿನ ವಿದ್ಯುದಂಶ ಸೋರುವುದರಿಂದ, ವರ್ಷಗಟ್ಟಲೆ ಕಪಾಟಿನಲ್ಲಿಡುವ ಸಂಗ್ರಹಕ್ಕೆ ಅದು ತಕ್ಕುದಲ್ಲ.

ಕಡತವನ್ನು ಅಳಿಸುವುದೆಂದರೇನು ಎಂಬುದನ್ನೂ ತಿಳಿದಿರಬೇಕು. ಹಾರ್ಡ್ ಡಿಸ್ಕ್‌ನಲ್ಲಿ ಕಡತವನ್ನು ಅಳಿಸಿದಾಗ ಮೊದಲು ಅಳಿಯುವುದು ಅದರ ವಿಳಾಸ. ಪಠ್ಯವು ಆ ಜಾಗದಲ್ಲಿ ಬೇರೆ ಬರಹ ಬರುವ ತನಕ ಇದ್ದೇ ಇರುತ್ತದೆ. ಹಾಗಾಗಿ ತಪ್ಪಿ ಅಳಿಸಿದ ಕೂಡಲೇ ಗಣಕದ ಬಳಕೆ ನಿಲ್ಲಿಸಿದರೆ ಮರುಪಡೆಯುವ ಸಾಧ್ಯತೆ ಉಂಟು. ಎಸ್.ಎಸ್.ಡಿ.ಯು ಅಳಿಸಿದ ಜಾಗವನ್ನು ತಾನೇ ಬೇಗ ಶುದ್ಧಮಾಡಿಕೊಳ್ಳುವುದರಿಂದ ಅಲ್ಲಿ ಈ ಸಾಧ್ಯತೆ ತೀರಾ ಕಡಿಮೆ.

2. ಅಕ್ಷರವೋ ಅಚ್ಚುಮೊಳೆಯೋ

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ನಿವೃತ್ತ ಅಧ್ಯಾಪಕರೊಬ್ಬರು ಊರಿನ ಸ್ಥಳನಾಮಗಳನ್ನು ಕುರಿತು ಬರೆದ 200 ಪುಟಗಳ ಕಡತ ಹಳೆಯ ಗಣಕದಲ್ಲಿದೆ. ಮೊಮ್ಮಕ್ಕಳು ಅದನ್ನು ಹೊಸ ಲ್ಯಾಪ್‌ಟಾಪ್‌ಗೆ ತಂದು ತೆರೆಯುತ್ತಾರೆ. ಪರದೆಯ ಮೇಲೆ ಕನ್ನಡದ ಒಂದು ಅಕ್ಷರವೂ ಇಲ್ಲ. ರೋಮನ್ ಅಕ್ಷರಗಳು, ಪೌಂಡ್ ನಾಣ್ಯದ ಚಿಹ್ನೆ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಎರಡು ಚುಕ್ಕೆ ಹೊತ್ತ ಎ. ವೈರಸ್ ಬಡಿದಿದೆ ಎಂದು ಭಾವಿಸಿ ಅವರು ಕಡತವನ್ನು ಅಳಿಸುತ್ತಾರೆ. ಯಂತ್ರ ಸರಿಯಾಗಿತ್ತು, ಕಡತವೂ ಅಕ್ಷತವಾಗಿತ್ತು. ಕೆಟ್ಟದ್ದು ಓದುವ ವಿಧಾನ ಮಾತ್ರ. ಈ ಬಗೆಯ ನಷ್ಟವನ್ನು ತಪ್ಪಿಸಲು ಸಂಕೇತದ ಪರಿಚಯ ಅವಶ್ಯ.

ಗಣಕಕ್ಕೆ ತಿಳಿಯುವುದು ಸಂಖ್ಯೆ ಮಾತ್ರ. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡುವುದೇ ಸಂಕೇತೀಕರಣ. 1990ರ ದಶಕದ ಮನೆಯ ಗಣಕಗಳಲ್ಲಿ ರೋಮನ್ ಲಿಪಿಗೆ ಮೀಸಲಾದ 256 ಸ್ಥಾನಗಳಷ್ಟೇ ಸುಲಭವಾಗಿ ದೊರೆಯುತ್ತಿದ್ದವು. ಕನ್ನಡದ ತಂತ್ರಾಂಶಗಳು ಅದೇ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವು. 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ, ಮುದ್ರಣಾಲಯಗಳಲ್ಲಿ ಬಳಕೆಯಲ್ಲಿದ್ದ ಶ್ರೀಲಿಪಿ ಈ ಮಾರ್ಗದಲ್ಲಿ ದೊಡ್ಡ ಕೆಲಸ ಮಾಡಿದವು. ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ, ಧ್ವನಿಗೆ ಹೊಂದುವ ಕೀಲಿಮಣೆಯ ವಿನ್ಯಾಸವು ಕನ್ನಡದ ಬೆರಳಚ್ಚನ್ನು ಸಾಮಾನ್ಯರ ಕೈಗೆ ತಂದಿತು.

ಈ ಹಳೆಯ ಪದ್ಧತಿಯಲ್ಲಿ ಸಂಖ್ಯೆ ದೊರೆಯುತ್ತಿದ್ದುದು ಅಕ್ಷರಕ್ಕಲ್ಲ, ಆಕಾರದ ತುಂಡಿಗೆ. ಅಚ್ಚುಮೊಳೆಗಳನ್ನು ಜೋಡಿಸುವ ಕ್ರಮವೇ ಇಲ್ಲಿಯೂ ಇತ್ತು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂಬ ಪದವನ್ನು ಬಿಡಿಸಿದರೆ ಏಳು ತುಂಡುಗಳು ಸಿಗುತ್ತವೆ: ತಲೆಕಟ್ಟಿಲ್ಲದ ಕಕಾರದ ಒಡಲು, ತಲೆಕಟ್ಟು, ನಕಾರದ ಒಡಲು, ತಲೆಕಟ್ಟು, ನಕಾರದ ಒತ್ತು, ಡಕಾರದ ಒಡಲು, ತಲೆಕಟ್ಟು. ಕಕಾರದ ಒಡಲು ಕುಳಿತಿರುವುದು ರೋಮನ್ ದೊಡ್ಡಕ್ಷರ ಪಿಯ ಸ್ಥಾನದಲ್ಲಿ. ತಲೆಕಟ್ಟು ಓರೆಗೆರೆಯ ಎ ಸ್ಥಾನದಲ್ಲಿ. ನಕಾರದ ಒಡಲು ಪೌಂಡ್ ಚಿಹ್ನೆಯ ಸ್ಥಾನದಲ್ಲಿ. ಆ ಫಾಂಟು ಇಲ್ಲದ ಗಣಕವು ಈ ಸ್ಥಾನಗಳ ಮೂಲ ಚಿಹ್ನೆಗಳನ್ನೇ ತೋರಿಸುತ್ತದೆ. ಮೊಮ್ಮಕ್ಕಳು ಕಂಡದ್ದು ಇದನ್ನೇ.

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಈ ಫಾಂಟಿನಲ್ಲಿ ‘ಮ’ ಎಂಬುದಕ್ಕೆ ಸ್ವಂತ ಸ್ಥಾನವಿಲ್ಲ. ವಕಾರದ ಒಡಲು, ತಲೆಕಟ್ಟು, ಕೊಂಬು ಈ ಮೂರು ಸೇರಿ ‘ಮ’ ಎಂದು ಕಾಣಿಸುತ್ತದೆ. ಕಣ್ಣಿಗೆ ಅದು ಸರಿ, ವರ್ಣವಿವೇಚನೆಗೆ ಸರಿಯಲ್ಲ. ಓಷ್ಠ್ಯ ಅನುನಾಸಿಕವೊಂದು ಅವರ್ಗೀಯ ವ್ಯಂಜನದ ಮೇಲೆ ಉಕಾರ ಸೇರಿ ಆದದ್ದಲ್ಲ. ಆಕಾರವನ್ನು ಬರೆಯುವುದಕ್ಕೂ ಅಕ್ಷರವನ್ನು ಬರೆಯುವುದಕ್ಕೂ ಇರುವ ಭೇದ ಇಲ್ಲಿ ಸ್ಪಷ್ಟವಾಗುತ್ತದೆ.

3. ಯುನಿಕೋಡಿನ ಕ್ರಮ

1991ರಲ್ಲಿ ಪ್ರಕಟವಾದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ವಲಯವನ್ನು ಮೀಸಲಿಡಲಾಯಿತು. ಇಲ್ಲಿ ಸಂಖ್ಯೆ ದೊರೆಯುವುದು ವರ್ಣಕ್ಕೆ. ‘ಕನ್ನಡ’ ಎಂಬ ಪದವು ಕ, ನ, ವಿರಾಮಚಿಹ್ನೆ, ನ, ಡ ಎಂಬ ಐದು ಸಂಕೇತಗಳಾಗುತ್ತದೆ. ಒತ್ತಕ್ಷರವನ್ನು ಹೇಗೆ ಚಿತ್ರಿಸಬೇಕೆಂಬುದು ಫಾಂಟಿನ ಹೊಣೆ. ಫಾಂಟು ಬದಲಾದರೆ ಅಂದ ಬದಲಾದೀತು, ಪಠ್ಯ ಬದಲಾಗದು. ಮನೆಯ ಗಣಕಗಳಲ್ಲಿ ಇದು ಬಳಕೆಗೆ ಬಂದುದು 2001ರ ವಿಂಡೋಸ್ ಎಕ್ಸ್‌ಪಿಯ ನಂತರ. ತುಂಗಾ ಎಂಬ ಕನ್ನಡ ಫಾಂಟು ಅದರೊಂದಿಗೆ ಬಂದಿತು. ಇಂದಿನ ಮೊಬೈಲ್ ಫೋನುಗಳು ಕನ್ನಡವನ್ನು ಯುನಿಕೋಡಿನಲ್ಲಿಯೇ ಬರೆಯುತ್ತವೆ.

ಎರಡು ಪದ್ಧತಿಗಳ ನಡುವಿನ ಮುಖ್ಯ ಭೇದವನ್ನು ಹೀಗೆ ಹೇಳಬಹುದು: ಹಳೆಯದು ಬರವಣಿಗೆಯ ಕ್ರಮ, ಹೊಸದು ಉಚ್ಚಾರಣೆಯ ಕ್ರಮ. ‘ಕಲ್ಲು’ ಎಂದು ಕೈಯಲ್ಲಿ ಬರೆಯುವಾಗ ‘ಲು’ ಬರೆದು ಆಮೇಲೆ ಲಕಾರದ ಒತ್ತನ್ನು ಕೊಡುವುದು ರೂಢಿ. ಹಳೆಯ ಫಾಂಟಿನಲ್ಲಿಯೂ ಹಾಗೆಯೇ. ಯುನಿಕೋಡಿನಲ್ಲಿ ಲ, ವಿರಾಮ, ಲ, ಉಕಾರ ಎಂಬ ಕ್ರಮವಿದೆ. ಸ್ವರವು ಸಂಯುಕ್ತದ ಕೊನೆಗೆ ಬರುತ್ತದೆ. ‘ಧರ್ಮ’ ಎಂಬಲ್ಲಿ ಬರವಣಿಗೆಯ ಅರ್ಕಾವತ್ತು ‘ಮ’ದ ನಂತರ ಬಂದರೂ ಯುನಿಕೋಡಿನಲ್ಲಿ ರೇಫವು ಮಕಾರದ ಹಿಂದೆಯೇ ನಿಲ್ಲುತ್ತದೆ. ಶಬ್ದಮಣಿದರ್ಪಣದ ಸಂಧಿಪ್ರಕರಣವನ್ನು ಓದಿದ ವಿದ್ಯಾರ್ಥಿಗೆ ಈ ಕ್ರಮ ಅಪರಿಚಿತವಲ್ಲ. ವರ್ಣಗಳನ್ನು ಬಿಡಿಸಿ ನೋಡುವ ವ್ಯಾಕರಣದ ಅಭ್ಯಾಸವೇ ಇಲ್ಲಿಯೂ ನೆರವಾಗುತ್ತದೆ.

ದಿನಬಳಕೆಯಲ್ಲಿ ಎದುರಾಗುವ ಕೆಲವು ಸೂಕ್ಷ್ಮಗಳನ್ನು ಗಮನಿಸಬೇಕು.

ಒಂದು: ಒತ್ತಕ್ಷರವಾಗಬಾರದ ಕಡೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರದ ಕೆಳಗೆ ಕಕಾರದ ಒತ್ತು ಬೀಳದಂತೆ ತಡೆಯಬೇಕು. ಇದಕ್ಕಾಗಿ ಕಣ್ಣಿಗೆ ಕಾಣದ, ಅಗಲವಿಲ್ಲದ ಒಂದು ವಿಭಾಜಕ ಸಂಕೇತವಿದೆ. ‘ಸಾಫ್ಟ್‌ವೇರ್’ ಮೊದಲಾದ ಪದಗಳಲ್ಲಿಯೂ ಅದು ಬೇಕು. ಇದಕ್ಕೆ ಪ್ರತಿಯಾಗಿ, ‘ರ‍್ಯಾಂಕ್’ ಎಂಬಲ್ಲಿ ಅರ್ಕಾವತ್ತು ಬಾರದೆ ರಕಾರಕ್ಕೆ ಯಕಾರದ ಒತ್ತು ಬರಬೇಕಾದರೆ ರಕಾರದ ನಂತರ ಅಗಲವಿಲ್ಲದ ಸಂಯೋಜಕವನ್ನು ಸೇರಿಸಬೇಕು.

ಎರಡು: ಅನುಸ್ವಾರ ಮತ್ತು ಸೊನ್ನೆ. ಅನುಸ್ವಾರದ ಬದಲು ಕನ್ನಡದ ಸೊನ್ನೆಯ ಅಂಕೆಯನ್ನು ಒತ್ತುವವರಿದ್ದಾರೆ. ಕಾಗದದ ಮೇಲೆ ಭೇದ ಕಾಣದು. ಆದರೆ ‘ಅಂಗಳ’ ಎಂದು ಹುಡುಕಿದಾಗ ಸೊನ್ನೆಯಿಂದ ಬರೆದ ಪದ ಸಿಗುವುದಿಲ್ಲ.

ಮೂರು: ಒಕಾರ. ‘ಕೊ’ ಎಂಬುದನ್ನು ಒಂದೇ ಒಕಾರ ಚಿಹ್ನೆಯಿಂದಲೂ, ಎಕಾರ ಮತ್ತು ಊಕಾರ ಚಿಹ್ನೆಗಳ ಜೋಡಣೆಯಿಂದಲೂ ಬರೆಯಬಹುದು. ನೋಡಲು ಎರಡೂ ಒಂದೇ. ಕೆಲವು ತಂತ್ರಾಂಶಗಳ ಹುಡುಕಾಟದಲ್ಲಿ ಎರಡೂ ಬೇರೆಯಾಗಿಬಿಡುತ್ತವೆ.

ನಾಲ್ಕು: ಅಕಾರಾದಿ. ಯುನಿಕೋಡಿನ ಸಂಖ್ಯಾಕ್ರಮದಲ್ಲಿ ಳಕಾರವು ಲಕಾರದ ಮಗ್ಗುಲಲ್ಲಿ, ವಕಾರಕ್ಕಿಂತ ಮೊದಲೇ ಇದೆ. ಕನ್ನಡ ವರ್ಣಮಾಲೆಯಲ್ಲಿ ಅದು ಕೊನೆಗೆ ಬರುತ್ತದೆ. ಆದ್ದರಿಂದ ಸಂಖ್ಯೆಯ ಆಧಾರದಿಂದಷ್ಟೇ ವಿಂಗಡಿಸಿದ ಪದಪಟ್ಟಿಯು ನಿಘಂಟಿನ ಕ್ರಮಕ್ಕೆ ಹೊಂದುವುದಿಲ್ಲ. ಪ್ರಾದೇಶಿಕ ಪದಕೋಶವನ್ನು ಸಿದ್ಧಪಡಿಸುವವರು ಕನ್ನಡದ ವಿಂಗಡಣೆಯ ನಿಯಮವನ್ನು ಆಯ್ದುಕೊಂಡಿದ್ದೇವೆಯೇ ಎಂದು ಪರೀಕ್ಷಿಸಬೇಕು.

ಐದು: ಹಳಗನ್ನಡದ ಅಕ್ಷರಗಳು. ಱ ಮತ್ತು ೞ ಎರಡಕ್ಕೂ ಯುನಿಕೋಡಿನಲ್ಲಿ ಸ್ಥಾನವಿದೆ. ೞಕಾರಕ್ಕೆ ಮೊದಲಲ್ಲಿ ‘ಫ’ ಎಂಬ ತಪ್ಪು ಹೆಸರನ್ನು ಕೊಡಲಾಗಿತ್ತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವ ಕಾರಣ ಆ ಹೆಸರು ಹಾಗೆಯೇ ಉಳಿದಿದ್ದು, ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಲಾಗಿದೆ. ಹೆಸರು ತಪ್ಪಾದರೂ ಸಂಕೇತ ಸರಿಯಾಗಿಯೇ ಕೆಲಸಮಾಡುತ್ತದೆ.

4. ಹಳೆಯ ಕಡತದ ಪರಿವರ್ತನೆ: ಒಂದು ಪಾಠಶೋಧನೆ

ಹಳೆಯ ಫಾಂಟಿನ ಕಡತವನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಆದರೆ ಪರಿವರ್ತಕವು ಒಬ್ಬ ಲಿಪಿಕಾರನಂತೆ. ಅವನ ಪ್ರತಿಯಲ್ಲಿ ಸ್ಖಾಲಿತ್ಯಗಳಿರುತ್ತವೆ. ಗ್ರಂಥಸಂಪಾದನಾ ಶಾಸ್ತ್ರವು ಹೇಳುವ ಎಚ್ಚರಗಳೆಲ್ಲ ಇಲ್ಲಿಗೆ ಅನ್ವಯಿಸುತ್ತವೆ.

ಮೊದಲನೆಯದಾಗಿ, ಮೂಲವನ್ನು ಮುಟ್ಟಬಾರದು. ಹಳೆಯ ಕಡತದ ಒಂದು ಪ್ರತಿಯನ್ನು ತೆಗೆದು ಆ ಪ್ರತಿಯ ಮೇಲೆ ಕೆಲಸಮಾಡಬೇಕು. ಮೂಲವು ಓದಲಾಗದ ಸ್ಥಿತಿಯಲ್ಲಿದ್ದರೂ ಅದನ್ನು ಉಳಿಸಿಕೊಳ್ಳಬೇಕು. ಮುಂದೆ ಉತ್ತಮ ಪರಿವರ್ತಕ ಸಿಕ್ಕಾಗ ಅದೇ ಆಧಾರ.

ಎರಡನೆಯದಾಗಿ, ಫಾಂಟಿನ ಹೆಸರನ್ನು ಗುರುತಿಸಬೇಕು. ಕಡತವನ್ನು ತೆರೆದು ಒಂದು ಪದವನ್ನು ಆಯ್ದರೆ ಬರವಣಿಗೆಯ ತಂತ್ರಾಂಶವು ಫಾಂಟಿನ ಹೆಸರನ್ನು ತೋರಿಸುತ್ತದೆ. ಆ ಫಾಂಟು ಗಣಕದಲ್ಲಿ ಇಲ್ಲದಿದ್ದರೂ ಹೆಸರು ಕಾಣಿಸುತ್ತದೆ. ಶ್ರೀಲಿಪಿಯ ಸಂಕೇತವೇ ಬೇರೆ, ನುಡಿಯ ಸಂಕೇತವೇ ಬೇರೆ. ಒಂದರ ಪರಿವರ್ತಕಕ್ಕೆ ಇನ್ನೊಂದರ ಪಠ್ಯವನ್ನು ಕೊಟ್ಟರೆ ಅಪಭ್ರಂಶವಷ್ಟೇ ದೊರೆಯುತ್ತದೆ.

ಮೂರನೆಯದಾಗಿ, ಪರಿವರ್ತಿತ ಪಠ್ಯವನ್ನು ಸಾಲು ಸಾಲಾಗಿ ಓದಿ ತಿದ್ದಬೇಕು. ತಪ್ಪುಗಳಿಗೆ ಕೆಲವು ನಿಯತ ನೆಲೆಗಳಿವೆ. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಪರಿವರ್ತಕವು ಕನ್ನಡದ ಆಕಾರಗಳೆಂದೇ ತಿಳಿದು ಅರ್ಥಹೀನ ಅಕ್ಷರಗಳನ್ನಾಗಿಸಬಹುದು. ಒತ್ತಿನ ಮೇಲೆ ಒತ್ತು ಬರುವ ‘ಸ್ತ್ರೀ’, ‘ರಾಷ್ಟ್ರ’ ಮೊದಲಾದ ಪದಗಳು, ಅರ್ಕಾವತ್ತು ಇರುವ ಪದಗಳು ಎರಡನೆಯ ನೆಲೆ. ಬೆರಳಚ್ಚುಗಾರನು ಮೂಲದಲ್ಲಿ ಕಣ್ಣಂದಾಜಿನಿಂದ ಜೋಡಿಸಿದ ಆಕಾರಗಳು ಮೂರನೆಯದು. ಱ, ೞಗಳಿಗೆ ಸ್ಥಾನವಿಲ್ಲದ ಫಾಂಟಿನಲ್ಲಿ ಚಿತ್ರವನ್ನೋ ಬೇರೆ ಚಿಹ್ನೆಯನ್ನೋ ಇಟ್ಟು ಮುಗಿಸಿದ್ದರೆ ಪರಿವರ್ತನೆಯಲ್ಲಿ ಅದು ಕಳೆದುಹೋಗುತ್ತದೆ. ಹಳಗನ್ನಡ ಉದ್ಧರಣೆಗಳಿರುವ ಪ್ರಬಂಧಗಳಲ್ಲಿ ಇದನ್ನು ವಿಶೇಷವಾಗಿ ಪರಿಶೀಲಿಸಬೇಕು.

ಅಚ್ಚಾದ ಪುಟವಷ್ಟೇ ಉಳಿದಿದ್ದರೆ ಅದರ ಚಿತ್ರದಿಂದ ಅಕ್ಷರಗಳನ್ನು ಓದಿಸುವ ತಂತ್ರಾಂಶಗಳಿವೆ. ಅವುಗಳ ದೋಷಗಳು ಓಲೆಗರಿಯ ಲಿಪಿಕಾರನ ದೋಷಗಳಿಗೆ ಬಹಳ ಹತ್ತಿರ: ವ-ಪ, ದ-ಧ, ಅ-ಆ, ಒ-ಓ ಇವುಗಳ ಸಮರೂಪತೆಯೇ ಅಲ್ಲಿಯೂ ತಪ್ಪಿಗೆ ಕಾರಣ. ‘ಆದ’ ಎಂಬುದು ‘ಅದ’ವಾದರೆ ಯಂತ್ರಕ್ಕೆ ಅನುಮಾನವೇ ಹುಟ್ಟದು. ವಾಕ್ಯದ ಅನ್ವಯ, ಪದ್ಯವಾದರೆ ಛಂದಸ್ಸಿನ ಮಾತ್ರಾಗಣ, ಆಡುನುಡಿಯಾದರೆ ಆ ಊರಿನ ಪ್ರಯೋಗದ ಪರಿಚಯ ಇದ್ದವರಿಗೆ ಅನುಮಾನ ಹುಟ್ಟುತ್ತದೆ. ಕಾಸರಗೋಡಿನ ಹವ್ಯಕ ನುಡಿಯಲ್ಲಿಯೋ ಸೊಲ್ಲಾಪುರದ ಕಡೆಯ ಕನ್ನಡದಲ್ಲಿಯೋ ಬರೆದ ಪಠ್ಯವನ್ನು ಶಿಷ್ಟಭಾಷೆಯ ಪದಪರೀಕ್ಷಕ ತಂತ್ರಾಂಶವು ಪುಟತುಂಬ ತಪ್ಪೆಂದು ಕೆಂಪುಗೆರೆ ಎಳೆದು ತೋರಿಸಬಹುದು. ಅಂಥಲ್ಲಿ ತಂತ್ರಾಂಶದ ಸಲಹೆಯನ್ನು ಒಪ್ಪುತ್ತ ಹೋದರೆ ಪ್ರಾದೇಶಿಕ ರೂಪಗಳೇ ಅಳಿಯುತ್ತವೆ. ಪಾಠ ನಿರ್ಣಯ ಸಂಪಾದಕನದೇ ಆಗಿರಬೇಕು.

ಪಿ.ಡಿ.ಎಫ್. ಕಡತದ ಬಗ್ಗೆಯೂ ಎಚ್ಚರ ಬೇಕು. ಅದು ಎಲ್ಲ ಗಣಕಗಳಲ್ಲಿ ಒಂದೇ ರೀತಿ ಕಾಣುವುದರಿಂದ ಓದಲು ಅನುಕೂಲ. ಆದರೆ ಹಳೆಯ ಫಾಂಟಿನಿಂದ ಮಾಡಿದ ಪಿ.ಡಿ.ಎಫ್.ನಿಂದ ಪಠ್ಯವನ್ನು ಹೊರತೆಗೆದರೆ ಮತ್ತೆ ಅದೇ ರೋಮನ್ ಚಿಹ್ನೆಗಳು ಬರುತ್ತವೆ. ಅದು ಓದುವ ಪ್ರತಿಯೇ ಹೊರತು ಮೂಲಪ್ರತಿಯಲ್ಲ. ತಿದ್ದಬಲ್ಲ ಕಡತವನ್ನು ಅದರೊಂದಿಗೆ ಇಟ್ಟುಕೊಳ್ಳಬೇಕು.

ಗಡಿನಾಡಿಗೆ ಸಂಬಂಧಿಸಿದ ಮತ್ತೊಂದು ಸಂಗತಿ ಇಲ್ಲಿ ಉಲ್ಲೇಖನೀಯ. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ, 2017ರ ನಂತರ ಕೈಟ್ ಸಂಸ್ಥೆಯ ಮೂಲಕ, ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶವು ಬಳಕೆಯಲ್ಲಿದೆ. ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಮನೆಯಲ್ಲಿ ವಿಂಡೋಸ್, ಶಾಲೆಯಲ್ಲಿ ಲಿನಕ್ಸ್ ಎಂಬ ಸ್ಥಿತಿಯಲ್ಲಿ ಹಳೆಯ ಫಾಂಟಿನ ಕಡತ ಎರಡರ ನಡುವೆ ಸಿಲುಕುತ್ತದೆ. ಯುನಿಕೋಡಿನ ಕಡತ ಎರಡರಲ್ಲಿಯೂ ತೆರೆಯುತ್ತದೆ. ಲಿನಕ್ಸಿನಲ್ಲಿ ಕಗಪ ಕೀಲಿಮಣೆ ಇರುವುದರಿಂದ ನುಡಿಯಲ್ಲಿ ಪಳಗಿದ ಕೈಗೆ ಹೊಸದಾಗಿ ಕಲಿಯಬೇಕಾದ್ದು ಅಲ್ಪ.

5. ಶಾಖ, ಧೂಳು, ತೇವ, ಮಿಂಚು

ಯಂತ್ರದ ಸವೆತಕ್ಕೆ ಊರಿನ ಹವೆಯೂ ಕಾರಣ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುತ್ತದೆ. ಆಷಾಢದ ದಿನಗಳಲ್ಲಿ ಪುಸ್ತಕದ ಬೆನ್ನಿಗೆ ಬೂಷ್ಟು ಹಿಡಿಯುವಂತೆ ಗಣಕದ ಲೋಹದ ಸಂಪರ್ಕಗಳಿಗೂ ತೇವ ಹಿಡಿಯುತ್ತದೆ. ಬಳಸದೆ ಮುಚ್ಚಿಟ್ಟ ಗಣಕಕ್ಕೆ ಇದರ ಬಾಧೆ ಹೆಚ್ಚು. ಮಳೆಗಾಲದಲ್ಲಿ ವಾರಕ್ಕೆರಡು ಸಲವಾದರೂ ಅರ್ಧ ಗಂಟೆ ಚಾಲನೆಯಲ್ಲಿಟ್ಟರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಗೋಡೆಗೆ ತಾಗಿಸಿ ಇಡದಿರುವುದು, ನೆಲದಿಂದ ಎತ್ತರದಲ್ಲಿಡುವುದು, ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಹೊದಿಕೆ ಹಾಕದಿರುವುದು ಸುಲಭದ ಕ್ರಮಗಳು.

ಆದವಾನಿ, ರಾಯದುರ್ಗ, ಜತ್ತಗಳಂಥ ಒಣನಾಡಿನಲ್ಲಿ ಶತ್ರುಗಳು ಬೇರೆ: ಧೂಳು ಮತ್ತು ಬೇಸಗೆಯ ಬಿಸಿ. ಸಂಸ್ಕಾರಕ ಚಿಪ್ಪಿನ ಮೇಲಿನ ಫ್ಯಾನಿಗೂ ಅದರ ಕೆಳಗಿನ ಲೋಹದ ರೆಕ್ಕೆಗಳಿಗೂ ಧೂಳು ಕಟ್ಟಿದರೆ ಶಾಖ ಹೊರಹೋಗದು. ಗಣಕ ಮೊದಲು ನಿಧಾನವಾಗುತ್ತದೆ, ಆಮೇಲೆ ನಡುನಡುವೆ ತಾನಾಗಿ ಆರುತ್ತದೆ. ಇದನ್ನು ವೈರಸ್ ಎಂದು ತಪ್ಪು ತಿಳಿಯುವುದುಂಟು. ಆರು ತಿಂಗಳಿಗೊಮ್ಮೆ ವಿದ್ಯುತ್ ಸಂಪರ್ಕವನ್ನು ಪೂರ್ತಿ ಕಡಿದು, ಮೃದುವಾದ ಕುಂಚದಿಂದ ಧೂಳು ತೆಗೆಯಬೇಕು. ಚಿಪ್ಪಿಗೂ ಲೋಹಕ್ಕೂ ನಡುವೆ ಇರುವ ಶಾಖವಾಹಕ ಲೇಪವು ವರ್ಷಗಳು ಕಳೆದಂತೆ ಒಣಗುತ್ತದೆ. ಅದನ್ನು ಬಲ್ಲವರಿಂದ ಹೊಸದಾಗಿ ಹಾಕಿಸಬೇಕು. ಗಣಕವು ಬೀಪ್ ಸದ್ದು ಮಾಡಿ ಪರದೆ ಕಪ್ಪಾಗಿಯೇ ಉಳಿದರೆ ರ‍್ಯಾಮ್ ಪಟ್ಟಿಯ ಸಂಪರ್ಕ ಸಡಿಲವಾಗಿರಬಹುದು. ಪಟ್ಟಿಯನ್ನು ತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲನೆ ಉಜ್ಜಿ ಮತ್ತೆ ಕೂರಿಸುವುದು ದುರಸ್ತಿಗಾರರ ರೂಢಿಯ ಉಪಾಯ.

ಕರಾವಳಿಯಲ್ಲಿ ತುಲಾಮಾಸದ ಸಂಜೆಯ ಸಿಡಿಲು ಗಣಕಕ್ಕೆ ದೊಡ್ಡ ಅಪಾಯ. ಯು.ಪಿ.ಎಸ್. ಸಿಡಿಲಿನಿಂದ ಕಾಪಾಡುವುದಿಲ್ಲ, ವಿದ್ಯುತ್ ಹೋದಾಗ ಕಡತವನ್ನು ಉಳಿಸಿ ಗಣಕವನ್ನು ಮುಚ್ಚಲು ಕೆಲವು ನಿಮಿಷಗಳನ್ನು ಕೊಡುವುದಷ್ಟೇ ಅದರ ಕೆಲಸ. ಗುಡುಗು ಕೇಳಿದೊಡನೆ ಗಣಕದ ಪ್ಲಗ್ಗನ್ನೂ ಅಂತರಜಾಲದ ತಂತಿಯನ್ನೂ ಕಿತ್ತಿಡಬೇಕು. ಯು.ಪಿ.ಎಸ್.ನ ಒಳಗಿನ ಸೀಸ-ಆಮ್ಲ ಬ್ಯಾಟರಿ ಕೆಲವು ವರ್ಷಗಳಲ್ಲಿ ಬಲಗುಂದುತ್ತದೆ ಎಂಬುದನ್ನೂ ಮರೆಯಬಾರದು.

ಮದರ್‌ಬೋರ್ಡಿನ ಮೇಲೆ ನಾಣ್ಯದಂಥ 3 ವೋಲ್ಟಿನ ಒಂದು ಬ್ಯಾಟರಿ ಇರುತ್ತದೆ. ಗಣಕ ಆರಿರುವಾಗಲೂ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಅದು ಮುಗಿದಾಗ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಸುರಕ್ಷಿತ ಜಾಲತಾಣಗಳು ತೆರೆಯಲೊಲ್ಲವು. ಜನ ಅಂತರಜಾಲವೇ ಕೆಟ್ಟಿತೆಂದು ತಿಳಿಯುತ್ತಾರೆ. ಸಂಶೋಧಕನಿಗೆ ಇದರಿಂದ ಬೇರೊಂದು ತೊಡಕಿದೆ. ಆ ದಿನಗಳಲ್ಲಿ ಉಳಿಸಿದ ಕಡತಗಳಿಗೆಲ್ಲ ತಪ್ಪು ದಿನಾಂಕ ಅಂಟಿಕೊಳ್ಳುತ್ತದೆ. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನು ಸಂವತ್ಸರ, ಮಾಸ, ತಿಥಿಗಳನ್ನು ಬರೆಯುತ್ತಿದ್ದಂತೆ ಕಡತದ ಒಳಗೂ ಬರೆದವರ ಹೆಸರು, ಊರು, ದಿನಾಂಕಗಳನ್ನು ಬರೆದಿಡುವುದು ಒಳ್ಳೆಯದು.

6. ಪ್ರತಿ ಮಾಡುವ ಶಿಸ್ತು

ಓಲೆಗರಿಗಳು ಉಳಿದು ಬಂದುದು ಪ್ರತಿಯಿಂದ ಪ್ರತಿಗೆ. ಗರಿ ಜೀರ್ಣವಾಗುವ ಮುನ್ನ ಹೊಸ ಗರಿಗೆ ಇಳಿಸಿಕೊಂಡವರಿದ್ದ ಕಾರಣ ಕಾವ್ಯಗಳು ದೊರೆತವು. ಗಣಕದಲ್ಲಿ ಈ ಕೆಲಸ ಕ್ಷಣದ್ದು, ಆದರೆ ಅದನ್ನು ಮಾಡುವವರು ಕಡಿಮೆ. 1.44 ಎಂ.ಬಿ.ಯ ಫ್ಲಾಪಿಯನ್ನು ಓದುವ ಸಾಧನ ಇಂದಿನ ಗಣಕಗಳಲ್ಲಿಲ್ಲ, 700 ಎಂ.ಬಿ.ಯ ಸಿ.ಡಿ.ಗೂ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಜಾಗವಿಲ್ಲ. ಮನೆಯಲ್ಲಿ ಬರೆದ ಸಿ.ಡಿ.ಯ ಬಣ್ಣದ ಪದರವು ತೇವಕ್ಕೂ ಬೆಳಕಿಗೂ ಕೆಡುತ್ತದೆ. ಇಂಥವುಗಳಲ್ಲಿ ಏನಾದರೂ ಉಳಿದಿದ್ದರೆ ಈಗಲೇ ಇಳಿಸಿಕೊಳ್ಳಬೇಕು.

ಸಂಗ್ರಹಕ್ಕೆ ಪ್ರಸಿದ್ಧವಾದ ಒಂದು ನಿಯಮವಿದೆ: 3 ಪ್ರತಿಗಳು, 2 ಬಗೆಯ ಮಾಧ್ಯಮಗಳು, 1 ಪ್ರತಿ ಮನೆಯ ಹೊರಗೆ. ಗಣಕದಲ್ಲೊಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲೊಂದು, ಅಂತರಜಾಲದ ಸಂಗ್ರಹದಲ್ಲಿಯೋ ಬೇರೆ ಊರಿನ ಬಂಧುಗಳಲ್ಲಿಯೋ ಒಂದು. ಪೆನ್‌ಡ್ರೈವ್ ಸಾಗಿಸುವ ಸಾಧನ, ಕಾಪಿಡುವ ಸಾಧನವಲ್ಲ. ಹಲವು ಗಣಕಗಳಿಗೆ ಹೋಗಿಬಂದ ಪೆನ್‌ಡ್ರೈವ್‌ನಲ್ಲಿ ಕಡತಕೋಶಗಳೆಲ್ಲ ಮಾಯವಾಗಿ ಅವುಗಳ ಹೆಸರಿನ ಅಡ್ಡದಾರಿಗಳಷ್ಟೇ ಕಾಣಿಸುವುದುಂಟು. ಇದು ಕಡತಗಳನ್ನು ಮರೆಮಾಡುವ ಒಂದು ಬಗೆಯ ವೈರಸ್. ಕಡತಗಳು ಒಳಗೇ ಇರುತ್ತವೆ; ಗಾಬರಿಯಿಂದ ಫಾರ್ಮ್ಯಾಟ್ ಮಾಡಬಾರದು.

ಜಾಗದ ಕೊರತೆ ಇಲ್ಲಿ ನೆಪವಾಗಲಾರದು. ಯುನಿಕೋಡಿನ ಸಾಮಾನ್ಯ ರೂಪದಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್‌ಗಳು ಬೇಕು. 5 ಲಕ್ಷ ಸಂಕೇತಗಳಿರುವ ದೊಡ್ಡ ಪುಸ್ತಕವೊಂದಕ್ಕೆ 15 ಲಕ್ಷ ಬೈಟ್, ಅಂದರೆ ಸುಮಾರು 1.5 ಎಂ.ಬಿ. ಸಾಕು. ಫೋನಿನಲ್ಲಿ ತೆಗೆದ ಒಂದು ಚಿತ್ರ ಇದಕ್ಕಿಂತ ಹೆಚ್ಚು ಜಾಗ ಹಿಡಿಯುವುದು ಸಾಮಾನ್ಯ. ಒಂದು ಊರಿನ ಕನ್ನಡ ಬರವಣಿಗೆಯನ್ನೆಲ್ಲ ಅಂಗೈಯಗಲದ ಡಿಸ್ಕ್‌ನಲ್ಲಿ ಇಡಬಹುದು.

ತಂತ್ರಾಂಶಗಳಿಗೂ ಆಯುಷ್ಯವಿದೆ. ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು. ಬೆಂಬಲ ಮುಗಿದ ಗಣಕವನ್ನು ಗುಜರಿಗೆ ಹಾಕುವ ಮುನ್ನ ಅದರ ಡಿಸ್ಕ್‌ನ್ನು ತೆಗೆದು ಪರಿಶೀಲಿಸಬೇಕು. ಹೊಸ ವಿಂಡೋಸ್ ಒಗ್ಗದ ಹಳೆಯ ಗಣಕದಲ್ಲಿ ಹಗುರವಾದ ಲಿನಕ್ಸ್ ಮತ್ತು ಲಿಬ್ರೆಆಫೀಸ್ ಹಾಕಿಕೊಂಡರೆ ಕನ್ನಡ ಬರವಣಿಗೆಗೆ ಅದು ಇನ್ನೂ ಕೆಲವು ವರ್ಷ ಒದಗುತ್ತದೆ.

ಉಪಸಂಹಾರ

ಮನೆಯ ಗಣಕದ ನಿರ್ವಹಣೆಯಲ್ಲಿ ಮೂರು ಹಂತಗಳಿವೆ. ಯಂತ್ರವನ್ನು ಧೂಳು, ತೇವ, ಸಿಡಿಲುಗಳಿಂದ ಕಾಯುವುದು ಮೊದಲನೆಯದು. ಪ್ರತಿಗಳನ್ನು ಮಾಡಿಡುವುದು ಎರಡನೆಯದು. ಪಠ್ಯವನ್ನು ಮುಂದಿನವರು ಓದಬಲ್ಲ ಸಂಕೇತದಲ್ಲಿ, ಶುದ್ಧಪಾಠದೊಂದಿಗೆ ಇಡುವುದು ಮೂರನೆಯದು. ಮೊದಲ ಎರಡನ್ನು ಯಾರೂ ಮಾಡಬಲ್ಲರು. ಮೂರನೆಯದಕ್ಕೆ ವರ್ಣಮಾಲೆ, ಸಂಧಿ, ಛಂದಸ್ಸು, ಗ್ರಂಥಸಂಪಾದನೆ ಮತ್ತು ಊರ ನುಡಿಯ ಅರಿವು ಬೇಕು. ಅದು ಕನ್ನಡ ವಿಭಾಗದಲ್ಲಿ ದೊರೆಯುವ ಅರಿವು. ಗಡಿಯಾಚೆಯ ಮನೆಗಳಲ್ಲಿರುವ ಕಡತಗಳಿಗೆ ಈ ಕೆಲಸವನ್ನು ಮಾಡಿಕೊಡಬಲ್ಲವರು ಆ ಮನೆಗಳಿಂದಲೇ ಬಂದ ವಿದ್ಯಾರ್ಥಿಗಳು.

ಅಭ್ಯಾಸ

1. ‘ಸಂಸ್ಕೃತಿ’, ‘ಸೂರ್ಯ’, ‘ಒಟ್ಟು’, ‘ಕೊಂಬೆ’ ಈ ಪದಗಳನ್ನು ಯುನಿಕೋಡಿನ ಕ್ರಮದಲ್ಲಿ ಸಂಕೇತಗಳಾಗಿ ಬಿಡಿಸಿ ಬರೆಯಿರಿ.

2. ಬರವಣಿಗೆಯ ಕ್ರಮಕ್ಕೂ ಉಚ್ಚಾರಣೆಯ ಕ್ರಮಕ್ಕೂ ಇರುವ ಭೇದವನ್ನು ಅರ್ಕಾವತ್ತಿನ ಎರಡು ಉದಾಹರಣೆಗಳಿಂದ ವಿವರಿಸಿರಿ.

3. ಲಿಪಿಕಾರನ ಸ್ಖಾಲಿತ್ಯಗಳಿಗೂ ಪರಿವರ್ತಕ ತಂತ್ರಾಂಶದ ದೋಷಗಳಿಗೂ ಇರುವ ಸಾಮ್ಯ ಮತ್ತು ವ್ಯತ್ಯಾಸಗಳನ್ನು ಚರ್ಚಿಸಿರಿ.

4. ಪದಪರೀಕ್ಷಕ ತಂತ್ರಾಂಶವು ನಿಮ್ಮ ಊರಿನ ಕನ್ನಡದ ಯಾವ ಹತ್ತು ಪದಗಳನ್ನು ತಪ್ಪೆಂದು ಗುರುತಿಸುತ್ತದೆ? ಅವುಗಳ ಅರ್ಥ ಮತ್ತು ಪ್ರಯೋಗಗಳನ್ನು ಸಂಗ್ರಹಿಸಿರಿ.

5. ಮನೆಯಲ್ಲಿಯೋ ನೆರೆಯಲ್ಲಿಯೋ ಇರುವ ಹಳೆಯ ಫಾಂಟಿನ ಒಂದು ಕಡತವನ್ನು ಒಡೆಯರ ಅನುಮತಿ ಪಡೆದು ಯುನಿಕೋಡಿಗೆ ಪರಿವರ್ತಿಸಿ, ತಿದ್ದಿದ ಸ್ಥಳಗಳ ಪಟ್ಟಿಯೊಂದಿಗೆ ವಿಭಾಗಕ್ಕೆ ಒಪ್ಪಿಸಿರಿ.